ಸೈದಪ್ಪನ ಒಂದೇ ಒಂದು ಓಟು

ಸೈದಪ್ಪ ಕೆಟ್ಟವನಲ್ಲ, ಯಾರಿಗೂ ಇಲ್ಲ ಎನ್ನಲು ಬಾರದವ ಅಷ್ಟೇ. ಸೊಲ್ಲಾಪುರದ ನವಿ ಪೇಠದಲ್ಲಿ ಅವನು ಕೆಲಸಕ್ಕಿದ್ದ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಅದು ಒಳ್ಳೆಯ ಗುಣ. ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಮಾತ್ರ ಅದು ಕೊರಳಿನ ಉರುಳು.

ಮತದಾನದ ಬೆಳಿಗ್ಗೆ ಸೊಲ್ಲಾಪುರದಲ್ಲಿ ತನ್ನೂರು ತಡವಳದ ಬಸ್ಸು ಹತ್ತುವ ಮುನ್ನವೇ ಹೆಂಡತಿ ಕಾಜಲ ಅವನಿಂದ ಬೀರೋಬಾನ ಭಂಡಾರ ಮುಟ್ಟಿಸಿದ್ದಳು. ಸರಪಂಚಕಿಗೆ, ಅಂದರೆ ಪಂಚಾಯತಿ ಅಧ್ಯಕ್ಷಗಿರಿಗೆ, ನಿಂತಿದ್ದವನು ಅವಳ ಅಣ್ಣ ಮೈಲಾರಲಿಂಗ. ದೇವರ ಆ ಅರಿಶಿನ ಪುಡಿ ಮುಟ್ಟಿ ಕೊಟ್ಟ ಮಾತು ತಪ್ಪಿದರೆ ಕುರಿ ಸಾಯುತ್ತವೆ, ಮೈ ಹುಣ್ಣಾಗುತ್ತದೆ ಎಂದು ಊರಿನ ನಂಬಿಕೆ. ಸೈದಪ್ಪನಿಗೆ ಕುರಿ ಇರಲಿಲ್ಲ, ಮೈ ಇತ್ತು.

ಊರಿಗೆ ಬಂದರೆ ತಾಯಿ ಬೀರವ್ವ ಬಾಗಿಲಲ್ಲೇ ಭಂಡಾರದ ಬಟ್ಟಲು ಹಿಡಿದು ನಿಂತಿದ್ದಳು. ಎದುರಾಳಿ ಗುರುಸಿದ್ಧ ಸೈದಪ್ಪನ ಕಾಕಾನ ಮಗ.

“ಅಂವ ನಮ್ಮ ರಕ್ತ ಹೌದಲ್ಲೋ? ಮುಟ್ಟು,” ಎಂದಳು.

ಕಾಜಲ ಒಳಗೆ ಚೀಲ ಇಡಲು ಹೋಗಿದ್ದಳು. ಸೈದಪ್ಪ ಮುಟ್ಟಿದ.

ಓಟು ಹಾಕಲು ಶಾಲೆಯ ಕಡೆ ಹೊರಟರೆ ಗುರುಸಿದ್ಧ ಚಹಾ ಕುಡಿಸಿದ, ಮೈಲಾರಲಿಂಗ ಗಾಡಿಯ ಮೇಲೆ ಕೂರಿಸಿಕೊಂಡು ಬೂತಿನ ತನಕ ಬಿಟ್ಟ. ಸಾಲಿನಲ್ಲಿ ಮುಂದೆ ನಿಂತಿದ್ದ ನೆರೆಮನೆಯ ಗುರಮ್ಮ ಅವನ ಬೆವರು ನೋಡಿ ಮೆಲ್ಲಗೆ ಬುದ್ಧಿ ಹೇಳಿದಳು.

“ಹೆಂಡ್ತಿ ಕಡಿ ಹಾಕಿದ್ರ ಅವ್ವ ಮಾತಾಡೂದಿಲ್ಲ. ಅವ್ವನ ಕಡಿ ಹಾಕಿದ್ರ ಹೆಂಡ್ತಿ ಮಾತಾಡ್ತಾಳ. ಯಾವ್ದು ಕಡಿಮಿ ತ್ರಾಸ, ನೋಡಪಾ.”

ಮಷೀನಿನ ಮುಂದೆ ನಿಂತಾಗ ಅವನ ಬೆರಳು ಎರಡು ಹೆಸರುಗಳ ನಡುವೆ ಮೇಲೆ ಕೆಳಗೆ ಓಡಾಡಿತು. ಆಗ ಕಂಡದ್ದು ಮೂರನೆಯ ಹೆಸರು, ಕುರಿ ಕಾಯುವ ಸಕ್ಕುಬಾಯಿಯದು. ತನ್ನ ಅರ್ಜಿ ತಿರಸ್ಕಾರವಾದರೆ ಇರಲಿ ಎಂದು ಗುರುಸಿದ್ಧನೇ ಆಕೆಯ ಹೆಸರಲ್ಲಿ ಡಮ್ಮಿ ಅರ್ಜಿ ಹಾಕಿಸಿದ್ದ. ಅದನ್ನು ಹಿಂತೆಗೆಯುವ ದಿನ ಆಕೆ ಕುರಿ ಹಿಂದೆ ಅಡವಿಗೆ ಹೋದವಳು ಹೊತ್ತಿಗೆ ಮರಳಲೇ ಇಲ್ಲ, ಹೆಸರು ಉಳಿದುಬಿಟ್ಟಿತು. ಆಕೆ ಯಾರನ್ನೂ ಓಟು ಕೇಳಿರಲಿಲ್ಲ, ಯಾರಿಗೂ ಭಂಡಾರ ಮುಟ್ಟಿಸಿರಲಿಲ್ಲ. ಇಬ್ಬರಿಗೂ ಸಮ ಮೋಸ ಮಾಡಿದರೆ ಬೀರೋಬಾನ ಸಿಟ್ಟೂ ಅರ್ಧಕ್ಕಿಳಿದೀತು ಎಂದುಕೊಂಡು ಸೈದಪ್ಪ ಆಕೆಯ ಗುಂಡಿ ಒತ್ತಿದ. ಒಂದು ಓಟು, ಯಾರಿಗೆ ಗೊತ್ತಾಗಬೇಕು? ಆ ರಾತ್ರಿ ಅವ್ವ ಎರಡು ರೊಟ್ಟಿ ಹೆಚ್ಚು ಬಡಿಸಿದಳು, ಹೆಂಡತಿ ತುಪ್ಪ ಹಾಕಿದಳು.

ಮರುದಿನ ಅಕ್ಕಲಕೋಟೆಯಲ್ಲಿ ಎಣಿಕೆ. ಮಧ್ಯಾಹ್ನ ಗಾಡಿಗಳು ಗೆಲುವಿನ ಗುಲಾಲಿಲ್ಲದೆ ಮರಳಿದವು. ಗುರುಸಿದ್ಧನಿಗೆ ಅರವತ್ತೊಂದು, ಮೈಲಾರಲಿಂಗನಿಗೆ ಐವತ್ತೆಂಟು, ಸಕ್ಕುಬಾಯಿಗೆ ಏಳುನೂರಾ ಎರಡು. ಊರಲ್ಲಿ ಎರಡೂ ಬಟ್ಟಲು ಮುಟ್ಟದ ಕೈಯೇ ಇರಲಿಲ್ಲವೆಂದು ಸೈದಪ್ಪನಿಗೆ ಆಗ ಹೊಳೆಯಿತು. ಗೆದ್ದವಳಿಗೆ ಸುದ್ದಿ ಮುಟ್ಟಿಸಲು ಜನ ಅಡವಿಗೆ ಓಡಿದರು.

ಸೋತ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಊರನ್ನು ಕೂಡಿಸಿದರು. ಒಬ್ಬೊಬ್ಬರನ್ನೇ ಕೇಳಿದರೆ ಸಕ್ಕುಬಾಯಿಗೆ ಹಾಕಿದವರು ಒಬ್ಬರೂ ಇಲ್ಲ. ಕೊನೆಗೆ ಗುರಮ್ಮ, ಸೊಲ್ಲಾಪುರದಿಂದ ಬಂದವರೇ ಊರು ಕೆಡಿಸಿರಬೇಕು ಎಂದಳು. ಎಲ್ಲರಿಗೂ ಜೀವ ಬಂದಂತಾಯಿತು. ಹೌದು, ಅವನೇ ಎಂದು ಏಳುನೂರು ಜನ ಸೈದಪ್ಪನ ಕಡೆ ತಿರುಗಿದರು.

“ನಂದು ಒಂದ ಓಟ್ ರೀ!” ಅವನ ಬಾಯಿಂದ ಜಾರಿಬಿಟ್ಟಿತು.

ಗುರುಸಿದ್ಧ ಬೀರವ್ವನ ಮುಖ ನೋಡಿದ, ಮೈಲಾರಲಿಂಗ ಕಾಜಲಳ ಮುಖ ನೋಡಿದ. ಹೆಂಗಸರಿಬ್ಬರೂ ಸೆರಗು ಸರಿಮಾಡಿಕೊಂಡು, “ಹೂಂ, ಇಂವಂದ ಕೆಲಸ,” ಎಂದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅತ್ತೆ ಸೊಸೆ ಒಂದೇ ಮಾತು ಆಡಿದ್ದು ಅದೇ ಮೊದಲು.