ಹೊರಡುವ ಮರ್ಯಾದೆ

ಡ್ವೇನ್ ಮಾಡಿದ ತಪ್ಪು ಇಷ್ಟೇ: "ನಾನಿನ್ನು ಹೊರಟೆ" ಎಂದವನು ನಿಜವಾಗಿಯೂ ಹೊರಟುಬಿಟ್ಟ.

ಅಮೆರಿಕದ ಅಯೋವಾದ ಆ ಹಳ್ಳಿಗಾಡಿನಲ್ಲಿ ಹಾಗೆ ಯಾರೂ ಹೊರಡುವುದಿಲ್ಲ. ಮೊದಲು ಮಂಡಿಯ ಮೇಲೆ ಎರಡೂ ಕೈ ತಟ್ಟಿ "ಸರಿ ಹಾಗಾದ್ರೆ" ಎನ್ನಬೇಕು. ಆಮೇಲೆ ಬಾಗಿಲಲ್ಲಿ ನಿಂತು ಮಳೆಯ ವಿಷಯ, ಗಾಡಿಯ ಪಕ್ಕ ನಿಂತು ಮೆಕ್ಕೆಜೋಳದ ವಿಷಯ. ಈ ವಿದ್ಯೆಯಲ್ಲಿ ಅವನ ಮಾವ ವೆಂಡಲ್, ಅತ್ತೆ ಆರ್ಲೀನ್ ಅವರನ್ನು ಮೀರಿಸಿದವರಿರಲಿಲ್ಲ. ಪ್ರತಿ ಭಾನುವಾರ ಚರ್ಚು ಮುಗಿಸಿ ನೇರ ಮಗಳ ಮನೆಗೆ ಬಂದು ಡ್ವೇನನ ಸೋಫಾದ ಮೇಲೆ ಕೂತರೆ, ಮಂಡಿ ತಟ್ಟುವಷ್ಟರಲ್ಲಿ ಕತ್ತಲಾಗುತ್ತಿತ್ತು. ಮದುವೆಯಾದಂದಿನಿಂದ ಪಾಪದವನು ಭಾನುವಾರ ಮಧ್ಯಾಹ್ನ ಕಣ್ಣು ಮುಚ್ಚಿದ್ದೇ ಇಲ್ಲ.

ಕಳೆದ ಚಳಿಗಾಲದಲ್ಲಿ ಮುದುಕ ಹೋದ; ವಾರ ಕಳೆಯುವಷ್ಟರಲ್ಲಿ ಮುದುಕಿಯೂ ಹಿಂಬಾಲಿಸಿದಳು. ಡ್ವೇನ್ ನಿಜಕ್ಕೂ ಅತ್ತ. ಅತ್ತು ಮುಗಿದ ಮೇಲೆ ಬಂದ ಮೊದಲ ಭಾನುವಾರ ಸೋಫಾದ ಮೇಲೆ ಉದ್ದಕ್ಕೆ ಮಲಗಿ ಗೊರಕೆ ಹೊಡೆದ. ಆ ಸುಖವನ್ನು ಇನ್ನು ಯಾರಿಗೂ ಬಿಟ್ಟುಕೊಡಬಾರದೆಂದು ಅಂದೇ ತೀರ್ಮಾನಿಸಿದ್ದ.

ಈ ಭಾನುವಾರ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಅತ್ತೆಮಾವನ ತೋಟದ ಮನೆಯನ್ನು ಕೊಂಡವರು ಮರುದಿನ ಅದನ್ನು ಕೆಡವಿ ಮೆಕ್ಕೆಜೋಳ ಬಿತ್ತುವವರಿದ್ದರು. ಕೊನೆಯ ಸಲ ಮನೆಮಂದಿಯೆಲ್ಲ ಅಲ್ಲಿ ಸೇರಿ, ಹಂದಿಮಾಂಸ, ಆಲೂಗಡ್ಡೆ ತಿಂದು ಸತ್ತವರನ್ನು ನೆನೆದರು. ವೆಂಡಲ್ ಹಸುಗಳ ಜೊತೆ ಆಡಿದಷ್ಟು ಮಾತನ್ನು ಹೆಂಡತಿಯ ಜೊತೆ ಆಡಿರಲಿಲ್ಲ ಎಂದರು ಒಬ್ಬರು. ಅದಕ್ಕೇ ಆರ್ಲೀನ್ ಕೊಟ್ಟಿಗೆಯ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು ಎಂದರು ಇನ್ನೊಬ್ಬರು. ಎಲ್ಲರೂ ನಕ್ಕು ಮೂಗು ಒರೆಸಿಕೊಂಡರು. ಡ್ವೇನ್ "ನಾನಿನ್ನು ಹೊರಟೆ" ಎಂದು ಎದ್ದದ್ದು ಆಗಲೇ. ಹೆಂಡತಿ ಮಾರ್ಲಿಸ್‌ಗೆ ಅಣ್ಣನ ಕಾರಿನಲ್ಲಿ ಬಾ ಎಂದು ಹೇಳಿ ತನ್ನ ಗಾಡಿ ಹತ್ತಿದ.

ಗಾಡಿ ಸ್ಟಾರ್ಟ್ ಆಗಲಿಲ್ಲ. ಪಕ್ಕದ ಹೊಲದ ಆರ್ವಿಲ್ ಬಂದು ಬಾನೆಟ್ ಎತ್ತಿ ಇಣುಕಿದ.

"ಎಲ್ಲಾ ಚೆನ್ನಾಗೇ ಇದೆ ಕಣಯ್ಯ. ಹೇಳ್ದೆ ಕೇಳ್ದೆ ಹೊರಟ್ಯೋ ಹೇಗೆ?"

"ಹೇಳಿದ್ನಲ್ಲ."

"ಅವರಿಗೆ?" ಆರ್ವಿಲ್ ಗಲ್ಲದಿಂದಲೇ ಜಗಲಿಯ ಕಡೆ ತೋರಿಸಿದ.

ಗಾಳಿಯ ಸುಳಿವಿರಲಿಲ್ಲ. ಜಗಲಿಯ ಮೇಲೆ ಮುದುಕ ಮುದುಕಿಯ ತೂಗುಕುರ್ಚಿಗಳು ತೂಗುತ್ತಿದ್ದವು, ಒಂದು ನಿಧಾನವಾಗಿ, ಇನ್ನೊಂದು ಸ್ವಲ್ಪ ಸಿಟ್ಟಿನಿಂದ. ಆರ್ಲೀನಳ ತಂಗಿ ವರ್ನಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಹಾಲು ಉಕ್ಕಿತೇ ಎಂದು ನೋಡುವವಳ ಹಾಗೆ ಅವುಗಳನ್ನು ನೋಡಿದಳು.

"ನಮ್ಮಕ್ಕಂಗೆ ಬೇಜಾರಾಗಿದೆ. ಒಳಗೆ ಹೋಗಿ ಮೊದಲಿಂದ ಶುರು ಮಾಡು, ನೆಟ್ಟಗೆ."

"ಚಿಕ್ಕಮ್ಮ, ಸತ್ತೋದೋರಿಗೆ..."

"ಸತ್ರೇನಂತೆ? ಮರ್ಯಾದೆ ಬಿಡೋಕಾಗುತ್ತಾ?"

ಡ್ವೇನ್ ಒಳಗೆ ಹೋಗಿ ಕೂತು, ಮಂಡಿ ತಟ್ಟಿ, "ಸರಿ ಹಾಗಾದ್ರೆ" ಎಂದ. ಯಾರೂ ಇಲ್ಲದ ಮೂಲೆಯಿಂದ ಮಂಡಿ ತಟ್ಟಿದ ಸದ್ದು ಬಂತು. ಅವನು ಗಕ್ಕನೆ ತಿರುಗಿದ. "ಅಪ್ಪ ಅದು," ಎಂದ ಮಾರ್ಲಿಸಳ ಅಣ್ಣ, ಇನ್ನೊಂದು ಆಲೂಗಡ್ಡೆ ಬಡಿಸಿಕೊಳ್ಳುತ್ತ.

ಬಾಗಿಲಲ್ಲಿ ನಿಂತು ಡ್ವೇನ್ ಖಾಲಿ ಗೋಡೆಗೆ ಮಳೆಯ ವಿಷಯ ಹೇಳಿದ. ಹೇಳುತ್ತಿದ್ದಂತೆ ಅವನ ಕೋಟಿನ ಗುಂಡಿಗಳು ಕೆಳಗಿನಿಂದ ಒಂದೊಂದಾಗಿ ತಾವೇ ಹಾಕಿಕೊಂಡವು, ಕೊರಳಿನವರೆಗೆ. ಆರ್ಲೀನ್ ಯಾವಾಗಲೂ ಹಾಗೇ ಹಾಕುತ್ತಿದ್ದಳು. ಒಂದು ಗಳಿಗೆ ಅವನಿಗೆ ಭಯಕ್ಕಿಂತ ಅಳುವೇ ಹೆಚ್ಚು ಬಂತು. ಗಾಡಿಯ ಪಕ್ಕ ನಿಂತು ಜೋಳದ ವಿಷಯವನ್ನೂ ಮುಗಿಸಿದ. ಇಂಜಿನ್ ತಾನಾಗಿಯೇ ಗುರ್ರೆಂದಿತು; ಡ್ವೇನ್ ಹತ್ತಿ ಕೂತ.

ಬದುಕಿದೆಯಾ ಬಡಜೀವವೇ ಎನ್ನುವಷ್ಟು ಹಗುರಾದ ಡ್ವೇನನ ನಾಲಿಗೆ ಅಭ್ಯಾಸಬಲದಿಂದ ಮುಂದಕ್ಕೆ ಜಾರಿತು. "ನೀವಿಬ್ರೂ ಒಂದ್ಸಲ ನಮ್ಮನೆ ಕಡೆ ಬನ್ನಿ."

ಇಂಜಿನ್ ನಿಂತಿತು.

"ಒಂದು ಸಲ ಕರೆದ್ರೆ ಯಾರಪ್ಪ ಒಪ್ಕೋತಾರೆ?" ಎಂದಳು ವರ್ನಾ. "ಎರಡು ಸಲ ಬೇಡ ಅಂದು, ಮೂರನೇ ಸಲಕ್ಕೆ ಹೂಂ ಅನ್ಬೇಕು. ನೀನೇನು ಈ ಊರೋನಲ್ವಾ? ಪೂರ್ತಿ ಕರಿ."

ಬಾಯಿಮಾತು ತಾನೇ, ಸತ್ತವರು ಬರುತ್ತಾರೆಯೇ ಎಂದುಕೊಂಡ ಡ್ವೇನ್. ಎರಡನೇ ಸಲ ಕರೆದ. ತೂಗುಕುರ್ಚಿಗಳು ತೂಗುತ್ತಲೇ ಇದ್ದವು. "ಸುಮ್ನೆ ಹೇಳ್ತಿಲ್ಲ, ಖಂಡಿತ ಬನ್ನಿ" ಎಂದು ಮೂರನೇ ಸಲವೂ ಕರೆದ.

ತೂಗುಕುರ್ಚಿಗಳೆರಡೂ ಒಟ್ಟಿಗೆ ನಿಂತವು. ಗಾಡಿಯಲ್ಲಿ ಡ್ವೇನನ ಪಕ್ಕದ ಸೀಟು ಕಿರ್ರೆಂದು ಕುಸಿಯಿತು. ಸ್ವಲ್ಪ ತಡೆದು, ಮತ್ತೊಮ್ಮೆ ಕುಸಿಯಿತು. ಇಂಜಿನ್ ಶುರುವಾಯಿತು. ಜಗಲಿಯಲ್ಲಿ ಸೇರಿದ್ದ ಬಂಧುಗಳೆಲ್ಲ ಕೈ ಬೀಸಿದರು, ಅವನಿಗಲ್ಲ, ಅವನ ಪಕ್ಕದ ಜಾಗಕ್ಕೆ. ಡ್ವೇನ್ ದಾರಿಯುದ್ದಕ್ಕೂ ಬಾಗಿಲಿಗೆ ಅಂಟಿಕೊಂಡು ಗಾಡಿ ಓಡಿಸಿದ.

ಸಂಜೆ ಮಾರ್ಲಿಸ್ ಮನೆಗೆ ಬಂದಾಗ ಅವನು ಗೋಡೆಗೆ ಒರಗಿ ನಿಂತೇ ಇದ್ದ. ಸೋಫಾ ಎರಡು ಕಡೆ ತಗ್ಗಾಗಿತ್ತು. ಅವಳು ನೋಡಿದಳು, ಕಣ್ಣೊರೆಸಿಕೊಂಡಳು, ಎರಡು ಕಪ್ ಕಾಫಿ ತಂದು ಅದರ ಮುಂದಿಟ್ಟಳು.

"ಮಾರ್ಲಿಸ್, ಇವರು ಯಾವಾಗ ಹೊರಡ್ತಾರೆ?" ಎಂದು ಡ್ವೇನ್ ಪಿಸುಗುಟ್ಟಿದ.

"ಎಲ್ಲಿಗೆ ಅಂತ ಹೊರಡ್ತಾರೆ? ಬೇಗ ಮಾರಿ, ಬೇಗ ಮಾರಿ ಅಂತ ನಮ್ಮಣ್ಣನ ತಲೆ ತಿಂದು ಆ ಮನೆ ಮಾರಿಸಿದೋನು ನೀನೇ ಅಲ್ವಾ?"

ಡ್ವೇನ್ ಅಡುಗೆಮನೆಯಿಂದ ಒಂದು ಸ್ಟೂಲ್ ತಂದು ಹಾಕಿಕೊಂಡು ಕೂತ.