ನೀಲಿ ಬಾನಿಗೆ ಬೇಕಾದ ಸುಳ್ಳು

ನಮ್ಮ ದೊಡ್ಡಪ್ಪನಂಥ ಸುಳ್ಳುಗಾರ ಮೊಳಕಾಲ್ಮೂರಿನಲ್ಲಿ ಹಿಂದೆ ಹುಟ್ಟಿರಲಿಲ್ಲ. ಮುಂದೆ ಹುಟ್ಟಿದರೂ ಅಷ್ಟು ಶ್ರದ್ಧೆಯಿಂದ ಸುಳ್ಳು ಹೇಳಲಾರನು! ಅವರ ಸುಳ್ಳಿನಲ್ಲಿ ಸ್ವಾರ್ಥವಿರಲಿಲ್ಲ. ಬಣ್ಣಕ್ಕೆ ಹಾಕುವ ಸುಣ್ಣ, ಬೆಲ್ಲ, ತಗಚೆ ಬೀಜಗಳಂತೆ ಅದೂ ಅವರ ಕಸುಬಿನ ಒಂದು ಸಾಮಗ್ರಿ.

ದೊಡ್ಡಪ್ಪ ನೇಕಾರರ ರೇಷ್ಮೆಗೆ ನೀಲಿ ಹಾಕಿಕೊಡುವವರು. ಊರಿನವರ ಹಿತ್ತಿಲಲ್ಲಿ ಬದನೆ, ಅವರೆ. ಇವರ ಹಿತ್ತಿಲಲ್ಲಿ ಗೋಡೆಯಿಂದ ಗೋಡೆಗೆ ನೀಲಿ ಗಿಡ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳವು. ಜರ್ಮನಿಯ ಬಣ್ಣದ ಡಬ್ಬಿಗಳು ಪೇಟೆಗೆ ಇಳಿಯುತ್ತಿದ್ದ ಕಾಲ. ಡಬ್ಬಿ ತಂದ ವ್ಯಾಪಾರಿಯನ್ನು ದೊಡ್ಡಪ್ಪ ಕೇಳಿದರು:

“ಇದರವ್ವ ಯಾರಪ್ಪ? ಯಾವ ಮಣ್ಣಾಗೆ ಬೆಳೀತು?”

“ಮಣ್ಣಾಗಲ್ಲ ಯಜಮಾನ್ರೇ, ಕಾರ್ಖಾನೆಯಾಗೆ ಮಾಡ್ತಾರೆ.”

“ಅವ್ವ ಇಲ್ಲದ್ದನ್ನ ಮನಿಯೊಳಗೆ ಹೆಂಗಪ್ಪ ಬಿಟ್ಕೊಳ್ಳಲಿ?”

ಸೊಪ್ಪು ಕೊಯ್ದು, ನೆನೆಹಾಕಿ, ಬಡಿದು, ತಳದ ಗಸಿಯನ್ನು ಬಿಲ್ಲೆ ಮಾಡಿ, ಆ ಬಿಲ್ಲೆಗಳನ್ನು ನೆಲದಲ್ಲಿ ಕುತ್ತಿಗೆಯವರೆಗೆ ಹೂತಿಟ್ಟ ಮಣ್ಣಿನ ಬಾನಿಯಲ್ಲಿ ಹುಳಿಯಲು ಬಿಡುತ್ತಿದ್ದರು. ದಿನವೂ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಹದ ನೋಡುವುದು. ಆ ನಾಲಿಗೆ ಒಪ್ಪಿದ ದಿನವೇ ರೇಷ್ಮೆ ಮುಳುಗಬೇಕು. ಎಷ್ಟೋ ಸಲ ಬಾನಿ ಮುನಿಸಿಕೊಳ್ಳುತ್ತಿತ್ತು, ಬಣ್ಣ ಏಳುತ್ತಿರಲಿಲ್ಲ. ಅದಕ್ಕೆ ಅವರ ಮನೆತನದ ಮದ್ದೆಂದರೆ ಊರಿನಲ್ಲೊಂದು ದೊಡ್ಡ ಸುಳ್ಳು ಹಬ್ಬಿಸುವುದು! ಸುಳ್ಳು ಎಷ್ಟು ದೂರ ಹೋಗುತ್ತದೆಯೋ ಬಣ್ಣ ಅಷ್ಟು ಆಳಕ್ಕೆ ಹಿಡಿಯುತ್ತದೆಯಂತೆ.

ಒಮ್ಮೆ ಜಟಿಂಗ ರಾಮೇಶ್ವರದ ಬೆಟ್ಟದ ಬಸವಣ್ಣ ಪಕ್ಕಕ್ಕೆ ತಿರುಗಿ ಕುಳಿತಿದ್ದಾನೆಂದರು. ಉರಿಬಿಸಿಲಿನಲ್ಲಿ ಜನ ಬೆಟ್ಟ ಹತ್ತಿದರು. ಇಳಿದು ಬಂದವರಲ್ಲಿ ಅರ್ಧ ಮಂದಿ, ತಿರುಗಿರುವುದು ನಿಜವೆಂದು ಆಣೆಯಿಟ್ಟರು! ಇನ್ನೊಮ್ಮೆ, ಬ್ರಹ್ಮಗಿರಿಯ ಬಂಡೆಯ ಬರಹವನ್ನು ದೊರೆಗಳು ಓದಿಸಿದರೆಂದೂ, ಅತ್ತೆಯಾದವಳು ಸೊಸೆಗೆ ಮೊದಲು ಬಡಿಸಿ ಆಮೇಲೆ ತಾನುಣ್ಣಬೇಕೆಂದು ಅದರಲ್ಲಿದೆಯೆಂದೂ ಹಬ್ಬಿಸಿದರು. ನನ್ನಿವಾಳದಲ್ಲಿ ಒಂದು ವಾರ ಸೊಸೆಯರು ಬಿಸಿ ಮುದ್ದೆ ಉಂಡರಂತೆ. ಅದೇ ವಿಷಯವಾಗಿ ನಾನು ಆ ಊರಿನಲ್ಲಿ ಮಾಡಿದ್ದ ಎರಡು ಭಾಷಣಗಳಿಂದ ಒಬ್ಬ ಸೊಸೆಗೂ ಒಂದು ತುತ್ತು ಬಿಸಿ ಸಿಕ್ಕಿರಲಿಲ್ಲ!

ನಾನಾಗ ಮೈಸೂರಿನಲ್ಲಿ ಓದು ಮುಗಿಸಿ ಬಂದಿದ್ದೆ. ಅನ್ಯಾಯವನ್ನು ಕಂಡಲ್ಲೇ ಹೆಸರಿಟ್ಟು ಕರೆಯಬೇಕೆಂಬುದು ನನ್ನ ವ್ರತ.

“ದೊಡ್ಡಪ್ಪಾ, ಅಸತ್ಯವೇ ಸಮಾಜದ ರೋಗ.”

“ಇರಬೋದಪ್ಪ. ನಿನ್ನ ಸತ್ಯ ಒಂದೀಟು ತಂದು ಬಾನಿಗೆ ಹಾಕು, ಬಣ್ಣ ಹಿಡೀತೈತಾ ನೋಡಾನ.”

ಆ ಮನೆಯಲ್ಲಿ ನನ್ನ ಕಣ್ಣಿಗೆ ಚುಚ್ಚುತ್ತಿದ್ದ ನಿಜವಾದ ಅನ್ಯಾಯ ಬೇರೆಯದು. ದೊಡ್ಡಪ್ಪನ ಮಗಳು, ನನ್ನ ಅಕ್ಕ, ಹದಿಮೂರರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಗಿಡಗಳಿಗೆ ನೀರೆರೆಯುವವಳು, ಸೊಪ್ಪು ಕೊಯ್ಯುವವಳು ಅವಳೇ. ಆದರೆ ಬಾನಿಯ ಮೇಲೆ ಅವಳ ನೆರಳು ಬೀಳಕೂಡದು! ಬೆವರು ಬೇಕು, ನೆರಳು ಬೇಡ. ಇದಕ್ಕಿಂತ ನಾಚಿಕೆಗೇಡಿನ ಶಾಸ್ತ್ರ ಉಂಟೇ?

ಒಂದು ಮಾಘದಲ್ಲಿ ಬಾನಿ ಪೂರ್ತಿ ಕೆಟ್ಟಿತು. ಕೆಡಿಸಿದವನು ನಾನು. ಪುಸ್ತಕದ ರಸಾಯನಶಾಸ್ತ್ರವನ್ನು ನಂಬಿ, ದೊಡ್ಡಪ್ಪ ಹದ ಒಪ್ಪಿ ಹೊರಗೆ ಹೋದ ವೇಳೆ ಎರಡು ಸೇರು ಸುಣ್ಣ ಸುರಿದಿದ್ದೆ. ಅಂದೇ ಅದ್ದಿದ ರೇಷ್ಮೆ ಬೂದಿಬಣ್ಣದಲ್ಲಿ ಮೇಲೆ ಬಂತು. ಮರುದಿನ ನೇಕಾರರು ಅಂಗಳದಲ್ಲಿ ಸೇರಿದರು. ಅವರಲ್ಲಿ ಹಿರಿಯನಾದ ತೆಲುಗು ಮನೆಮಾತಿನವನೊಬ್ಬ ಗಡ್ಡ ನೀವಿಕೊಂಡ.

“ಏಮಿ ಯಜಮಾನ್ರೇ, ಮಗಳು ನಿನ್ನೆ ಈ ಕಡೆ ಹಾದುಹೋದದ್ದು ನಾವೇ ನೋಡೀವಿ. ಆಕೀನ ಚಳ್ಳಕೆರೆ ನೆಂಟರ ಮನೀಗೆ ಕಳಿಸ್ರಿ. ಇಲ್ಲಾಂದ್ರೆ ನಾಳೆಯಿಂದ ನಮಗೆ ಡಬ್ಬಿ ಬಣ್ಣನೇ ಗತಿ.”

ನಾನು ಎದ್ದು ನಿಂತು ತಪ್ಪೊಪ್ಪಿಕೊಂಡೆ: “ಸುಣ್ಣ ಸುರಿದವನು ನಾನು!”

“ಅಕ್ಕನ್ನ ಉಳಿಸಾಕೆ ಸುಳ್ಳು ಹೇಳ್ತಾನೆ, ಪಾಪ,” ಎಂದ ಹಿರಿಯ. ನನ್ನ ಬಾಳಿನ ಅತ್ಯಂತ ಕಠಿಣವಾದ ಸತ್ಯವನ್ನು ಒಬ್ಬನೂ ನಂಬಲಿಲ್ಲ!

ಬಾಗಿಲ ಮರೆಯಲ್ಲಿ ಅಕ್ಕ ಸೆರಗು ಹಿಡಿದು ನಿಂತಿದ್ದಳು. ದೊಡ್ಡಪ್ಪ ಅತ್ತ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು:

“ನನ್ನ ನಾಲಿಗೆ ಸತ್ತು ಆರು ತಿಂಗಳಾತು. ಉಪ್ಪು, ಹುಳಿ ಒಂದೂ ತಿಳಿಯಂಗಿಲ್ಲ. ದೀಪಾವಳಿಗೆ ಒಯ್ದು ಹೊಗಳಿದ್ರಲ್ಲ, ಆ ನೀಲಿಯ ಹದ ನೋಡಿದ್ದು ನನ್ನ ಮಗಳು. ನಿನ್ನೆ ಒಂದು ದಿನ ಆಕೀನ ಕೇಳದೆ ನಾನೇ ಬೆರಳದ್ದಿದೆ. ಕೆಟ್ಟುಹೋತು.”

ಅಪ್ಪಟ ಸುಳ್ಳು! ಹಿಂದಿನ ದಿನವಷ್ಟೇ ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾಯಿತೆಂದು ಊಟದ ತಣಿಗೆ ಸರಿಸಿದ್ದರು. ಆದರೆ ಬಣ್ಣಗಾರನೊಬ್ಬ ತನ್ನ ನಾಲಿಗೆಯನ್ನೇ ಸುಳ್ಳುಸುಳ್ಳಾಗಿ ಹಳಿದುಕೊಂಡಾನೆಂದು ಯಾರು ಶಂಕಿಸಿಯಾರು?

“ಹಂಗಾದ್ರೆ,” ಎಂದ ಹಿರಿಯ ಕೊನೆಗೆ, “ಆಕೀನೇ ಕರೀರಿ.”

ಅಕ್ಕ ಬಂದಳು. ಬೆರಳನ್ನು ಬಾನಿಗೆ ಅದ್ದಿ ನಾಲಿಗೆಗೆ ಮುಟ್ಟಿಸಿದಳು. “ಸುಣ್ಣ ಮೀರೈತೆ. ಬೆಲ್ಲ ಹಾಕಿ ಬೆಚ್ಚಗೆ ಮುಚ್ಚಿಡ್ರಿ.” ಇಷ್ಟು ವರ್ಷ ದೂರ ನಿಂತು ನೋಡಿದ್ದೇ ಅವಳ ಪಾಠಶಾಲೆ. ಮೂರನೆಯ ದಿನ ಹಸಿರಾಗಿ ಮೇಲೆದ್ದ ಎಳೆ ಗಾಳಿಗೆ ನೀಲಿಯಾಯಿತು. ಅಂದಿನಿಂದ ಬಾನಿ ಅವಳದಾಯಿತು.

ಬಸವಣ್ಣ ತಿರುಗಿದ ಸುಳ್ಳು ನಾಲ್ಕು ದಿನ ಬಾಳಿದ್ದರೆ ಹೆಚ್ಚು. ಈ ಸುಳ್ಳನ್ನು ದೊಡ್ಡಪ್ಪ ಬದುಕಿರುವವರೆಗೆ ಹೊತ್ತರು. ಮದುವೆಯೊಂದರಲ್ಲಿ ಉಪ್ಪಿಲ್ಲದ ಹುಳಿಯನ್ನು ಪಂಕ್ತಿಯೆಲ್ಲ ಬದಿಗೆ ತಳ್ಳಿದರೆ, ಇವರೊಬ್ಬರೇ ಮತ್ತೆ ಹಾಕಿಸಿಕೊಂಡರು! “ಪಾಯಸ ಹೆಂಗೈತ್ರಿ?” ಎಂದರೆ “ನನಗೇನು ತಿಳೀತೈತಪ್ಪ, ಎಲ್ಲಾ ಮಣ್ಣೇ” ಎನ್ನುವರು. ಮಾವಿನಹಣ್ಣು ತಿನ್ನುವಾಗ ಕಣ್ಣು ತಾನಾಗಿ ಮುಚ್ಚಿಕೊಂಡರೆ, ಧೂಳು ಬಿತ್ತೆಂದು ಒರೆಸಿಕೊಳ್ಳುವರು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅಕ್ಕ ಅವರ ಪಾಲಿನ ಸಾರನ್ನು ಅಂಗೈಗೆ ಬಿಟ್ಟುಕೊಂಡು ಎರಡೆರಡು ಸಲ ಉಪ್ಪು ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ರುಚಿಯೇ ತಿಳಿಯದವರಿಗೆ ಇಷ್ಟು ಜತನವೇಕೆ ಅಕ್ಕಾ?”

ಅವಳು ನೀಲಿ ಹತ್ತಿದ ಬೆರಳನ್ನು ತುಟಿಯ ಮೇಲಿಟ್ಟಳು.

“ಮೆಲ್ಲಗೆ ಮಾತಾಡೋ. ನನಗೆ ಗೊತ್ತೈತೆ ಅಂತ ಅಪ್ಪಗೆ ಗೊತ್ತಾದ್ರೆ ಸಂಕಟ ಪಟ್ಕೊಂತಾನೆ.”