ಸೋಲಲು ಕರೆದ ನೆಂಟರು

ಡೆಲ್ಮರ್ ಪ್ರೂಯಿಟ್‌ಗೆ ಗ್ರಹಚಾರ ವಕ್ಕರಿಸಿದ್ದು ಒಂದು ಬಸ್ಸಿನ ರೇಡಿಯೇಟರಿನಿಂದ. ಹಳೇ ವಿದ್ಯಾರ್ಥಿಗಳು ಕಾಲೇಜಿಗೆ ಮರಳಿ ಬರುವ ಹೋಮ್‌ಕಮಿಂಗ್ ಶನಿವಾರ, ಬೆಳಗ್ಗೆ ಆರು ಗಂಟೆ. ಒಂದು ಕಾಲಿಗೆ ಕಾಲುಚೀಲ ಏರಿಸಿ ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದಾಗ ಫೋನು ಬಡಿದುಕೊಂಡಿತು.

"ಪ್ರೂಯಿಟ್ ಅವರೇ, ನಾನು ಎಮೆಟ್ ಯಾನ್ಸಿ. ಎಲ್ಡರ್ ಕ್ರೀಕ್ ಕಾಲೇಜಿನ ಕೋಚ್. ನಮ್ಮ ಬಸ್ಸು ಬುಸ್ ಅಂತ ಹೊಗೆ ಬಿಟ್ಟು ಕೂತ್ಬಿಡ್ತು. ನಿಮ್ಮೂರು ಇನ್ನೂ ಮೂವತ್ತು ಮೈಲಿ ಇದೆ. ಇಲ್ಲೊಬ್ಬ ಹುಲ್ಲಿನ ಲಾರಿಯವನು ವಾಪಸ್ ನಮ್ಮೂರಿಗೆ ಬಿಡ್ತೀನಿ ಅಂತಿದಾನೆ. ಹೋಗ್ಬಿಡ್ಲಾ?"

"ಅಯ್ಯೋ ದೇವರೇ, ಹೋಗೋದಾ! ಅಲ್ಲೇ ಇರಿ, ಅಲ್ಲಾಡಬೇಡಿ. ನಾನೇ ಬಂದು ಕರ್ಕೊಂಡು ಹೋಗ್ತೀನಿ!"

ಅವನ ಗಾಬರಿಗೆ ಕಾರಣವಿತ್ತು. ಡಾಕೆರಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡೆಲ್ಮರನ ಹುದ್ದೆಯ ಹೆಸರು ಬಾಗಿಲ ಮೇಲೆ ಎರಡು ಸಾಲು ಹಿಡಿಯುತ್ತಿತ್ತು, ಕೆಲಸ ಮಾತ್ರ ಒಂದೇ: ಸೋಲುವವರನ್ನು ಹುಡುಕುವುದು. ಚೆಂಡನ್ನು ಕಂಕುಳಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್ ಋತುವಿನ ಹನ್ನೆರಡು ಪಂದ್ಯಗಳಲ್ಲಿ ಎಂಟನ್ನು ಲೀಗಿನವರೇ ಗೊತ್ತುಮಾಡುತ್ತಾರೆ. ಅಲ್ಲಿ ಎದುರಾಗುವವರೆಲ್ಲ ಕೋಣಗಳ ಹಾಗೆ ಬೆಳೆದ ಹುಡುಗರು. ಉಳಿದ ನಾಲ್ಕು ಶನಿವಾರಕ್ಕೆ ಲೀಗಿನ ಹೊರಗಿನಿಂದ ಯಾರನ್ನು ಬೇಕಾದರೂ ಕರೆಯಬಹುದು. ಹಾಗೆ ಕರೆಸಿಕೊಂಡವರು ಬರಬೇಕು, ಹೊಟ್ಟೆ ತುಂಬ ಒದೆ ತಿನ್ನಬೇಕು, ಚೆಕ್ಕು ಇಸಕೊಂಡು ನಗುನಗುತ್ತಾ ಹೊರಡಬೇಕು. ಹದಿನೆಂಟು ವರ್ಷದಿಂದ ಇಂಥವರನ್ನು ಫೋನಿನಲ್ಲೇ ಬಲೆಗೆ ಹಾಕಿಕೊಂಡು ಬಂದವನು ಡೆಲ್ಮರ್. ತಂಡದ ಬಗ್ಗೆ ಹೊಗಳಲು ಏನೂ ಸಿಗದಿದ್ದರೆ ಅವರ ಬ್ಯಾಂಡನ್ನು ಹೊಗಳುತ್ತಿದ್ದ. "ನಿಮ್ಮ ಬ್ಯಾಂಡ್ ಬಗ್ಗೆ ತುಂಬಾ ಕೇಳಿದೀನಿ ಸಾರ್. ನಮ್ಮ ಜನ ಒಂದ್ಸಲ ಕಿವಿಯಾರೆ ಕೇಳ್ಲಿ ಅಂತ ಆಸೆ" ಅಂತ ಯಾನ್ಸಿಗೂ ಹೇಳಿದ್ದ. ಎಲ್ಡರ್ ಕ್ರೀಕ್ ಬ್ಯಾಂಡಿನಲ್ಲಿ ಇದ್ದವರು ಒಂಬತ್ತು ಜನ. ಅದರಲ್ಲಿ ಒಬ್ಬರು ಗಣಿತದ ಮೇಷ್ಟ್ರು.

ಈ ಸಲದ ಪಂದ್ಯ ಮಾತ್ರ ಅವನ ಕುತ್ತಿಗೆಗೇ ಬಂದಿತ್ತು. ಹಿಂದಿನ ದಿನ ಕೋಚ್ ಹ್ಯಾಸ್ಕಿನ್ಸ್ ಅವನನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ, "ಲೋ ಪ್ರೂಯಿಟ್, ಐದು ಗೆದ್ದಿದೀನಿ. ಆರನೇದು ಗೆದ್ರೆ ಕ್ರಿಸ್‌ಮಸ್ ಪಂದ್ಯಕ್ಕೆ ಕರೀತಾರೆ. ನಾಳೆ ಏನಾದ್ರೂ ಎಡವಟ್ಟಾದ್ರೆ ನಾನೊಬ್ಬನೇ ಮನೆಗೆ ಹೋಗಲ್ಲ, ನಿನ್ನನ್ನೂ ಎಳ್ಕೊಂಡೇ ಹೋಗೋದು" ಅಂದಿದ್ದ. ಆಡದೆ ರದ್ದಾದ ಪಂದ್ಯ ಗೆಲುವಿನ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಎದುರಾಳಿ ಬರಲೇಬೇಕು. ಅದಾಗಿ ಹತ್ತು ನಿಮಿಷಕ್ಕೆ ವಿಶ್ವವಿದ್ಯಾಲಯದ ಅಧ್ಯಕ್ಷೆ ಡಾಕ್ಟರ್ ಬೋಲಿಂಗ್ ಕರೆಸಿದರು. "ಕಳೆದೆರಡು ಸಲ ನೀವು ಕರೆಸಿದ ತಂಡ ನೋಡಿ ಜನ ಅರ್ಧದಲ್ಲೇ ಎದ್ದು ಹೋದರು, ಪ್ರೂಯಿಟ್. ನಾಳೆ ಹೋಮ್‌ಕಮಿಂಗ್. ಹಳೇ ವಿದ್ಯಾರ್ಥಿಗಳೆಲ್ಲ ಬಂದಿರ್ತಾರೆ. ನಾಲ್ಕನೇ, ಕೊನೇ ಕ್ವಾರ್ಟರಿಗೆ ಮುಂಚೆ ಕುರ್ಚಿ ಖಾಲಿಯಾದರೆ ನಿಮ್ಮ ಕುರ್ಚಿನೂ ಖಾಲಿ." ಒಬ್ಬರಿಗೆ ಎದುರಾಳಿ ಸೋಲಬೇಕು, ಇನ್ನೊಬ್ಬರಿಗೆ ಬೇಗ ಸೋಲಬಾರದು. ಅಡಕತ್ತರಿಗೆ ಸಿಕ್ಕ ಹಾಗಾಯಿತು ಅವನ ಸ್ಥಿತಿ.

ಈಗ ಬಸ್ಸು ಬೇಕು. ಪಕ್ಕದ ಮನೆಯ ಹೋಬಾರ್ಟ್ ಟಿಡ್ವೆಲ್ ನಿವೃತ್ತ ಅಂಚೆಯವನು. ಚರ್ಚಿನ ಎರಡು ಬಸ್ಸುಗಳ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು, ಊರಿನ ಎಲ್ಲ ಮನೆಗಳ ಗುಟ್ಟು ನಾಲಿಗೆ ತುದಿಯಲ್ಲಿರುತ್ತಿತ್ತು. ಅವನು ಅಂಗಳದಲ್ಲಿ ಒಲೆಯ ಹೊಗೆಯಲ್ಲಿ ಮಾಂಸ ಬೇಯಿಸುತ್ತಾ ನಿಂತಿದ್ದ.

"ಏನಪ್ಪಾ ಡೆಲ್ಮರ್, ಒಂದು ಕಾಲಿಗೆ ಕಾಲುಚೀಲನೇ ಇಲ್ಲ? ಈ ವಾರ ಯಾರನ್ನ ಕರೆಸಿದೀಯ, ಹೊಲಿಗೆ ಕ್ಲಾಸಿನವರನ್ನಾ?"

"ಹೋಬಾರ್ಟ್, ನಿನ್ನ ಕಾಲಿಗೆ ಬೀಳ್ತೀನಿ, ಬಸ್ ತೆಗಿ. ಒಂದು ನೀನು ಓಡಿಸು, ಇನ್ನೊಂದು ನಾನು ಓಡಿಸ್ತೀನಿ."

"ಅಂದ್ರೆ ಬಲಿ ಕೊಡೋ ಕುರೀನ ನಾವೇ ಹೋಗಿ ಹೊತ್ಕೊಂಡು ಬರಬೇಕು!" ಅಂತ ಟಿಡ್ವೆಲ್ ಪಕಪಕ ನಕ್ಕ. ಆದರೂ ಇಂಥ ತಮಾಷೆಯನ್ನು ಬಿಟ್ಟುಕೊಡುವ ಪೈಕಿ ಅಲ್ಲ ಅವನು. ಇಕ್ಕಳ ಎಸೆದು ಹೊರಟೇಬಿಟ್ಟ.

ಹೆದ್ದಾರಿಯ ಪಕ್ಕದಲ್ಲಿ ನಲವತ್ತೊಂದು ಹುಡುಗರು ಮೂಟೆಗಳ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಅಂಗಿಯ ಮೇಲೆ ಅವರ ತಂಡದ ಗುರುತು, ಬಿಳಿ ಪಾರಿವಾಳ. ಯಾನ್ಸಿ ಸಣಕಲು ಮನುಷ್ಯ, ವಾರದ ದಿನಗಳಲ್ಲಿ ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ. ಡೆಲ್ಮರನ ಎರಡೂ ಕೈ ಹಿಡಿದು, "ಎರಡು ವರ್ಷದಿಂದ ಒಂದು ಪಂದ್ಯ ಗೆದ್ದಿಲ್ಲ ಸಾರ್ ನಾವು. ನಮ್ಮನ್ನ ಇಷ್ಟು ಪ್ರೀತಿಯಿಂದ ಯಾರೂ ಕರ್ಕೊಂಡು ಹೋಗಿಲ್ಲ" ಅಂದ. ಅವನ ಕಣ್ಣು ತುಂಬಿಬಂದಿತ್ತು. ಡೆಲ್ಮರನಿಗೆ ಕಸಿವಿಸಿಯಾಗಿ ಬೇಗ ಬೇಗ ಮೂಟೆ ಎತ್ತಿಹಾಕಿದ.

ದಾರಿಯುದ್ದಕ್ಕೂ ಹಿಂದಿನ ಸೀಟುಗಳಿಂದ ಹೊಟ್ಟೆ ಗುರುಗುಟ್ಟುವ ಸದ್ದು. ರಾತ್ರಿಯಿಂದ ಯಾರೂ ತಿಂದಿರಲಿಲ್ಲ. ಈ ಸ್ಥಿತಿಯಲ್ಲಿ ಮೈದಾನಕ್ಕಿಳಿದರೆ ಮೊದಲ ಕ್ವಾರ್ಟರಿನಲ್ಲೇ ತಲೆ ಸುತ್ತಿ ಬೀಳುತ್ತಾರೆ, ಜನ ಎದ್ದು ಹೋಗುತ್ತಾರೆ. ಡೆಲ್ಮರ್ ಬಸ್ಸನ್ನು ಸೀದಾ ಚರ್ಚಿಗೆ ತಿರುಗಿಸಿದ. ಅಲ್ಲಿ ಅವನ ಹೆಂಡತಿ ಓಪಲ್ ಹಳೇ ವಿದ್ಯಾರ್ಥಿಗಳಿಗೆ ತಿಂಡಿ ಮಾಡಿಸುತ್ತಿದ್ದಳು. ಬನ್ನಿನಂಥ ಮುನ್ನೂರು ಬಿಸಿ ಬಿಸ್ಕಿಟ್, ಬಕೆಟ್ಟುಗಟ್ಟಲೆ ಬಿಳಿ ಗ್ರೇವಿ, ಹಂದಿಮಾಂಸ, ಮೊಟ್ಟೆ.

"ಓಪಲ್, ಇವರಿಗೆ ಒಂದು ಸ್ವಲ್ಪ..."

"ಅಯ್ಯೋ ಪಾಪ, ಮುಖ ನೋಡು ಹೆಂಗೆ ಬಾಡಿದೆ! ಬನ್ರಪ್ಪಾ, ಕೂತ್ಕೊಳ್ಳಿ" ಅಂದಳು ಓಪಲ್. ಅವಳಿಗೆ ಹಸಿದವರನ್ನು ಕಂಡರೆ ಕೈ ನಿಲ್ಲುತ್ತಿರಲಿಲ್ಲ.

ಅರ್ಧ ಗಂಟೆಯಲ್ಲಿ ಪಾರಿವಾಳಗಳು ತಟ್ಟೆಗಳನ್ನು ಬಳಿದು ಬೆಳ್ಳಗೆ ಮಾಡಿದವು. ಆಗ ಸೂಟು ತೊಟ್ಟ ಹಳೇ ವಿದ್ಯಾರ್ಥಿಗಳು ಹೊಟ್ಟೆ ಮುಂದುಮಾಡಿಕೊಂಡು ಬಂದರು. ಖಾಲಿ ತಟ್ಟೆ ನೋಡಿದರು, ಡೆಲ್ಮರನನ್ನು ನೋಡಿದರು. ಒಬ್ಬ ಡೆಲ್ಮರನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡ.

ಇದೇ ಹೊತ್ತಿನಲ್ಲಿ ಯಾನ್ಸಿ ಅವನನ್ನು ಮೂಲೆಗೆ ಕರೆದ. "ಸಾರ್, ಒಂದೇ ಒಂದು ಕೇಳ್ಕೋತೀನಿ. ದ್ವಿತೀಯಾರ್ಧದಲ್ಲಿ ಗಡಿಯಾರ ನಿಲ್ಲಿಸದೆ ಓಡಿಸೋಕಾಗುತ್ತಾ? ಬೇಗ ಮುಗೀಲಿ ಅಂತ. ಹುಡುಗರಿಗೆ ಸೋಮವಾರ ಪರೀಕ್ಷೆ ಬೇರೆ ಇದೆ."

"ಅದಾಗಲ್ಲ ಸಾರ್" ಅಂದ ಡೆಲ್ಮರ್. "ಜನ ನೋಡೋಕೆ ಬರ್ತಾರೆ."

ಹುಡುಗರ ಮುಖ ಇನ್ನಷ್ಟು ಇಳಿಯಿತು. ಒಬ್ಬ ದಢೂತಿ ಹುಡುಗ ಮೆಲ್ಲಗೆ, "ಹೆಂಗಿದ್ರೂ ಅರವತ್ತು ಪಾಯಿಂಟಲ್ಲಿ ಸೋಲ್ತೀವಿ. ಬೇಗ ಮಲಗಿಬಿಟ್ರೆ ಆಯ್ತು" ಅಂದ. ಡೆಲ್ಮರ್ ಒಂದು ಕುರ್ಚಿ ಎಳೆದ. ಬೇಗ ಮಲಗಿಬಿಟ್ಟರೆ ತನ್ನ ಗತಿ? ಅವನು ಕುರ್ಚಿಯ ಮೇಲೆ ಹತ್ತಿ ನಿಂತ.

"ನೋಡ್ರಪ್ಪಾ ಮಕ್ಕಳೇ, ಗೆಲ್ಲಿ ಅಂತ ನಾನು ಹೇಳಲ್ಲ. ಮೂರು ಕ್ವಾರ್ಟರ್, ಬರೀ ಮೂರು ಕ್ವಾರ್ಟರ್ ಕಾಲ ಮೇಲೆ ನಿಂತ್ಕೊಳ್ಳಿ. ನಿಮ್ಮಪ್ಪ ಅಮ್ಮ ರೇಡಿಯೋ ಹಚ್ಚಿ ಕೂತಿರ್ತಾರೆ. ಒಂದು ದಿನ, ಒಂದೇ ಒಂದು ದಿನ ಅವರು ತಲೆ ಎತ್ತಿಕೊಂಡು ಚರ್ಚಿಗೆ ಹೋಗೋ ಹಾಗೆ ಮಾಡಕ್ಕಾಗಲ್ವಾ ನಿಮಗೆ?"

ತನ್ನ ಮಾತಿಗೆ ತಾನೇ ಕರಗಿದ ಡೆಲ್ಮರ್ ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ದನಿ ತಗ್ಗಿಸಿ, "ಇನ್ನೊಂದು ಮಾತು, ಹೊಟ್ಟೇಲಿ ಇಟ್ಕೊಳ್ಳಿ. ಮುಂದಿನ ವಾರದ ಎದುರಾಳಿಯ ಗೂಢಚಾರರು ಇವತ್ತು ಮೇಲೆ ಕೂತು ಬರ್ಕೊತಿರ್ತಾರೆ. ಅದಕ್ಕೆ ಹ್ಯಾಸ್ಕಿನ್ಸ್ ನಿಮ್ಮಂಥವರ ಎದುರಿಗೆ ತನ್ನ ಒಳ್ಳೇ ಪಟ್ಟು ಯಾವುದೂ ತೆಗೆಯಲ್ಲ. ಎಡಕ್ಕೆ, ಎಡಕ್ಕೆ, ಆಮೇಲೆ ನಡುವೆ. ಮತ್ತೆ ಎಡಕ್ಕೆ, ಎಡಕ್ಕೆ, ನಡುವೆ. ಹದಿನೆಂಟು ವರ್ಷದಿಂದ ನೋಡಿದೀನಿ. ಮರ್ಯಾದೆ ಉಳಿಯೋಷ್ಟು ತಡೀರಿ, ಸಾಕು" ಅಂದ.

ನಲವತ್ತೊಂದು ಹುಡುಗರು ಎದ್ದು ನಿಂತು ಮೇಜು ಬಡಿದರು. ಯಾನ್ಸಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡ. ಬಾಗಿಲಲ್ಲಿದ್ದ ಟಿಡ್ವೆಲ್, "ನೀನು ಪಾದ್ರಿ ಆಗಬೇಕಿತ್ತು ಕಣೋ" ಅಂದ.

ಹನ್ನೊಂದಕ್ಕೆ ಪಂದ್ಯ ಶುರುವಾಯಿತು. ಡಾಕೆರಿ ಎಡಕ್ಕೆ ನುಗ್ಗಿತು. ಅಲ್ಲಿ ಏಳು ಪಾರಿವಾಳಗಳು ಕಾದು ನಿಂತಿದ್ದವು. ಮತ್ತೆ ಎಡಕ್ಕೆ ನುಗ್ಗಿತು. ಏಳರ ಜೊತೆ ಆ ದಢೂತಿ ಹುಡುಗನೂ ಸೇರಿದ್ದ. ನಡುವೆ ನುಗ್ಗಿದರೆ ಗೋಡೆಗೆ ಹಾಯ್ದ ಹಾಗಾಯಿತು. ಮೂರು ಕ್ವಾರ್ಟರ್ ನಿಂತರೆ ಸಾಕು ಎಂದುಕೊಂಡು ಮೊದಲು ಡೆಲ್ಮರ್ ಖುಷಿಯಾಗಿದ್ದ. ಅರ್ಧ ಮುಗಿದಾಗ ಅಂಕದ ಹಲಗೆಯ ಮೇಲೆ ಎಲ್ಡರ್ ಕ್ರೀಕ್ ಹತ್ತು, ಡಾಕೆರಿ ಏಳು ಅಂತಿತ್ತು. ಅವನ ಕೈಯಲ್ಲಿದ್ದ ಟೋಪಿಯ ಅಂಚು ಅರ್ಧ ಸವೆದಿತ್ತು.

ಮೈದಾನದಿಂದ ಒಳಗೆ ಹೋಗುವ ಸುರಂಗದ ಬಾಯಲ್ಲಿ ಹ್ಯಾಸ್ಕಿನ್ಸ್ ಕೆಂಪು ಮೂಲಂಗಿಯಂತಾಗಿದ್ದ. "ಲೋ ಪ್ರೂಯಿಟ್! ಈ ಪಿಳ್ಳೆಗಳಿಗೆ ನಮ್ಮ ಆಟ ಹೆಂಗೋ ಗೊತ್ತಾಯ್ತು?"

"ಒಳ್ಳೇ ಪಟ್ಟುಗಳನ್ನ ತೆಗೀರಿ ಕೋಚ್, ದಮ್ಮಯ್ಯ!"

"ತೆಗೆದು? ಮುಂದಿನ ವಾರದವರು ಮೇಲೆ ಕೂತು ಬರ್ಕೊಂಡು ಹೋಗ್ಲಿ ಅಂತಲಾ? ಪಾರಿವಾಳ ಹೊಡೆಯೋಕೆ ಫಿರಂಗಿ ತಗೊಳ್ಳಲ್ಲ ನಾನು!"

ಕೊನೆಗೂ ಹ್ಯಾಸ್ಕಿನ್ಸ್ ಫಿರಂಗಿ ತೆಗೆದಾಗ ಎರಡೇ ನಿಮಿಷ ಉಳಿದಿತ್ತು. ಅದನ್ನು ಹಾರಿಸುವುದು ಹೇಗೆಂಬುದು ಅವನ ಹುಡುಗರಿಗೆ ಅಷ್ಟರಲ್ಲಿ ಮರೆತೇಹೋಗಿತ್ತು. ಎಲ್ಡರ್ ಕ್ರೀಕ್ ಹದಿನೇಳು, ಡಾಕೆರಿ ಹದಿನಾಲ್ಕು. ನಲವತ್ತು ಸಾವಿರ ಜನರಲ್ಲಿ ಒಬ್ಬನೂ ಕೊನೆಯ ಸೆಕೆಂಡಿನವರೆಗೆ ಅಲುಗಿರಲಿಲ್ಲ. ಎದುರು ಮೂಲೆಯಲ್ಲಿ, ಬೇರೆ ಕಾರುಗಳಲ್ಲಿ ಬಂದಿದ್ದ ಎಲ್ಡರ್ ಕ್ರೀಕಿನ ಒಂಬತ್ತು ಜನರ ಬ್ಯಾಂಡು ಹುಚ್ಚೆದ್ದು ಬಾರಿಸುತ್ತಿತ್ತು. ಗಣಿತದ ಮೇಷ್ಟ್ರು ಡೋಲು ಹರಿದೇಬಿಟ್ಟರು.

ಡೆಲ್ಮರ್ ಮೆಟ್ಟಿಲಿಳಿದು ಕದ್ದು ಹೋಗುವುದರಲ್ಲಿದ್ದ. ಅಷ್ಟರಲ್ಲಿ ಯಾರೋ ಯಾನ್ಸಿಯ ಬಾಯಿಗೆ ಮೈಕು ಹಿಡಿದರು. ಪಾಪದ ಮನುಷ್ಯ, ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಇದೆಲ್ಲಾ ಡೆಲ್ಮರ್ ಪ್ರೂಯಿಟ್ ಅವರ ದಯೆ" ಅಂದ. ಅವನ ಅಳು ಬೆರೆತ ದನಿ ಇಡೀ ಕ್ರೀಡಾಂಗಣಕ್ಕೆ ಕೇಳಿಸಿತು. "ಬಸ್ಸು ಕೆಟ್ಟಾಗ ಬಂದು ಕರ್ಕೊಂಡು ಬಂದ್ರು. ಅವರ ಮನೆಯವರು ಹೊಟ್ಟೆ ತುಂಬ ಊಟ ಹಾಕಿದ್ರು. ಆಮೇಲೆ ಅವರೇ ಕುರ್ಚಿ ಮೇಲೆ ನಿಂತು ಹೇಳಿಕೊಟ್ರು, ಎಡಕ್ಕೆ, ಎಡಕ್ಕೆ, ನಡುವೆ ಅಂತ!"

ನಲವತ್ತು ಸಾವಿರ ತಲೆಗಳು ಡೆಲ್ಮರನ ಕಡೆ ತಿರುಗಿದವು. ಓಪಲ್ ಅವನ ತೋಳು ಹಿಡಿದು, "ಓಡು" ಅಂದಳು.

ಮನೆ ಮುಟ್ಟಿದಾಗ ಅಂಗಳದಲ್ಲಿ 'ಈ ಮನೆ ಮಾರಾಟಕ್ಕಿದೆ' ಎಂಬ ಹಲಗೆ ನೆಟ್ಟಿತ್ತು. ತಂಡವನ್ನು ಸೋಲಿಸಿದವನಿಗೆ ಊರು ಬಿಡು ಅಂತ ಹೇಳುವ ಆ ಊರಿನ ರೀತಿ ಅದು. ಸುತ್ತಿಗೆ ಟಿಡ್ವೆಲ್‌ನ ಕೈಯಲ್ಲೇ ಇತ್ತು.

"ನೀನಾ ಹೋಬಾರ್ಟ್? ನೀನೂ ಬಸ್ ಓಡಿಸಿದ್ಯಲ್ಲೋ!"

"ಅದಕ್ಕೇ ಮೊದಲು ನಾನೇ ನೆಟ್ಟೆ ಕಣಪ್ಪಾ. ಇಲ್ದಿದ್ರೆ ನನ್ನ ಅಂಗಳದಲ್ಲೂ ಒಂದು ನೆಡೋರು" ಅಂದ ಟಿಡ್ವೆಲ್, ನಾಚಿಕೆ ಬಿಟ್ಟು.

ನಾಲ್ಕು ಗಂಟೆಗೆ ಅಧ್ಯಕ್ಷೆಯ ಕಚೇರಿಯಿಂದ ಕರೆ ಬಂತು. ಮೇಜು ಖಾಲಿ ಮಾಡಲೆಂದು ಡೆಲ್ಮರ್ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡೇ ಹೋದ. ಓಪಲ್ ಅದರಲ್ಲಿ ಉಳಿದಿದ್ದ ಒಂದೇ ಒಂದು ಬಿಸ್ಕಿಟ್ ಇಟ್ಟುಕೊಟ್ಟಿದ್ದಳು.

"ಪೆಟ್ಟಿಗೆ ಕೆಳಗಿಡಿ" ಅಂದರು ಡಾಕ್ಟರ್ ಬೋಲಿಂಗ್. "ಹ್ಯಾಸ್ಕಿನ್ಸ್‌ನ ಮನೆಗೆ ಕಳಿಸಿಯಾಯ್ತು. ನೀವು ಮಾತ್ರ ಹೇಳಿದ ಹಾಗೆ ಮಾಡಿದಿರಿ. ಒಬ್ಬರೂ ಎದ್ದು ಹೋಗಲಿಲ್ಲ. ಕೆಲಸ ಉಳೀತು."

ಡೆಲ್ಮರನಿಗೆ ಅವರ ಕೈಗೆ ಮುತ್ತಿಡಬೇಕೆನಿಸಿತು. "ಮೇಡಂ, ಮುಂದಿನ ವರ್ಷಕ್ಕೆ ಇವರಿಗಿಂತ ಬಡಪಾಯಿ ತಂಡ ಹುಡುಕಿ..."

"ಹುಡುಕೋದು ಬೇಡ. ನಿಮ್ಮ ಫೋನು ಮೂರು ಗಂಟೆಯಿಂದ ಬಡ್ಕೋತಿದೆ. ಹೋಗಿ ಎತ್ತಿ. ಎಲ್ಲದಕ್ಕೂ ಆಯ್ತು ಅನ್ನಿ. ನಮಗೀಗ ಚೌಕಾಸಿ ಮಾಡೋ ಮುಖ ಇಲ್ಲ."

ಡೆಲ್ಮರ್ ತನ್ನ ಕೋಣೆಗೆ ಹೋಗಿ ಫೋನು ಎತ್ತಿದ. ಆ ಕಡೆಯಿಂದ ದೊಡ್ಡದೊಂದು ವಿಶ್ವವಿದ್ಯಾಲಯದವನ ಜೇನಿನಂಥ ದನಿ. "ಪ್ರೂಯಿಟ್ ಸಾಹೇಬ್ರೇ! ಸೆಪ್ಟೆಂಬರಲ್ಲಿ ಒಂದು ಶನಿವಾರ ಬಿಡುವಿದೆಯಾ? ನಿಮ್ಮ ಬ್ಯಾಂಡ್ ಬಗ್ಗೆ ತುಂಬಾ ಕೇಳಿದೀನಿ."

ಇಟ್ಟ ಕೂಡಲೇ ಇನ್ನೊಂದು ಬಂತು. "ನಮ್ಮ ಜನ ನಿಮ್ಮ ಬ್ಯಾಂಡನ್ನ ಒಂದ್ಸಲ ಕಿವಿಯಾರೆ ಕೇಳ್ಲಿ ಅಂತ ಆಸೆ ಸಾರ್." ಮೂರನೆಯವನೂ ಅದನ್ನೇ ಹೇಳಿದ. ಹದಿನೆಂಟು ವರ್ಷದಿಂದ ತಾನು ಮಾರಿದ ಸರಕೆಲ್ಲ ಒಂದೇ ಸಂಜೆ ವಾಪಸು ಬಂದು ಮೇಜಿನ ಮೇಲೆ ಬೀಳುತ್ತಿತ್ತು. ಡೆಲ್ಮರ್ ಎಲ್ಲರಿಗೂ ಆಯ್ತು ಅಂದ, ಕ್ಯಾಲೆಂಡರಿನಲ್ಲಿ ಬರೆದುಕೊಂಡ, ಒಂದು ತುಂಡು ಬಿಸ್ಕಿಟ್ ಮುರಿದು ಬಾಯಿಗೆ ಹಾಕಿಕೊಂಡ. ಅದು ಒಣಗಿ ಗಂಟಲಲ್ಲಿ ಸಿಕ್ಕಿಕೊಂಡಿತು.

ಆರಕ್ಕೆ ಬಂದ ಕೊನೆಯ ಕರೆಯ ದನಿ ಗುರುತಿನದಾಗಿತ್ತು. ಹಿಂದೆ ಹುಡುಗರ ಕೇಕೆ, ಅವರನ್ನು ಊರಿಗೆ ಬಿಡಲು ಹೊರಟಿದ್ದ ಟಿಡ್ವೆಲ್‌ನ ಬಸ್ಸಿನ ಹಾರ್ನ್.

"ಪ್ರೂಯಿಟ್ ಅವರೇ, ನಾನು ಯಾನ್ಸಿ! ದಾರಿಯಲ್ಲಿದೀವಿ. ನಮ್ಮ ಕಾಲೇಜಿನ ಮುಖ್ಯಸ್ಥರು ಈಗಷ್ಟೇ ಫೋನ್ ಮಾಡಿದ್ರು. ಮುಂದಿನ ವರ್ಷ ನಮ್ಮಲ್ಲೂ ಹೋಮ್‌ಕಮಿಂಗ್ ಮಾಡ್ತಾರಂತೆ, ಮೊದಲನೇ ಸಲ. ಅಂಥ ದಿನ ಸೋತ್ರೆ ಚೆನ್ನಾಗಿರಲ್ಲ ನೋಡಿ, ಅದಕ್ಕೆ ಯಾರಾದ್ರೂ ಸ್ವಲ್ಪ ಸುಲಭದವರನ್ನ ಕರೆಸಿ ಅಂದ್ರು. ನನಗೆ ನಿಮ್ಮ ನೆನಪೇ ಬಂತು." ಒಂದು ಕ್ಷಣ ತಡವರಿಸಿ ಸೇರಿಸಿದ. "ನಿಮ್ಮ ಬ್ಯಾಂಡ್ ಬಹಳ ಚೆನ್ನಾಗಿತ್ತು ಸಾರ್."

ಡೆಲ್ಮರ್ ಕಣ್ಣು ಮುಚ್ಚಿಕೊಂಡ. ಎಲ್ಲದಕ್ಕೂ ಆಯ್ತು ಅನ್ನಿ ಅಂತ ಅಪ್ಪಣೆಯಾಗಿತ್ತು.

"ಆಯ್ತು ಸಾರ್, ಬರ್ತೀವಿ. ಒಂದೇ ಒಂದು ಕೇಳ್ಕೋತೀನಿ. ದ್ವಿತೀಯಾರ್ಧದಲ್ಲಿ ಗಡಿಯಾರ ನಿಲ್ಲಿಸದೆ ಓಡಿಸೋಕಾಗುತ್ತಾ?"

ಯಾನ್ಸಿಗೆ ನಿಜಕ್ಕೂ ಸಂಕಟವಾಯಿತು. ಅವನು ಒಳ್ಳೆಯ ಮನುಷ್ಯ.

"ಅದಾಗಲ್ಲ ಸಾರ್" ಅಂದ ಮೆತ್ತಗೆ. "ಜನ ನೋಡೋಕೆ ಬರ್ತಾರೆ."